ಪಾದ್ರಿಗಳ ವಿದ್ಯಾಪೀಠ

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ವಾರ ಪಾವಗಡದಿಂದ ಹೊರಡುವ ಬೆಂಗಳೂರು ಬಸ್ಸಿನಲ್ಲಿ ಕುಳಿತುಕೊಳ್ಳಲು ಸ್ಥಳ ದೊರೆಯುವುದು ದುರ್ಲಭ. ಮಗಳೊಡನೆ ತಂದೆ, ಮಗನೊಡನೆ ಸೋದರಮಾವ, ಮಡಿಲಲ್ಲಿ ಅಂಕಪಟ್ಟಿಯ ಲಕೋಟೆ. ಮಧುಗಿರಿಯ ಏಕಶಿಲಾ ಬೆಟ್ಟದ ಬಳಿ ಒಂದಿಷ್ಟು ಜನ, ಕೊರಟಗೆರೆಯಲ್ಲಿ ಮತ್ತಷ್ಟು ಜನ ಹತ್ತುತ್ತಾರೆ. ಶಿರಾದವರಿಗೆ ಹೆದ್ದಾರಿಯುಂಟು, ಅವರ ದಾರಿ ಬೇರೆ, ಗುರಿ ಒಂದೇ. ಈ ನಾಲ್ಕು ತಾಲ್ಲೂಕುಗಳನ್ನು ಸರ್ಕಾರವು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಕರೆದಿದೆ. ಆದರೆ ಆ ಜಿಲ್ಲೆ ಶಾಲೆಯ ಮಟ್ಟಕ್ಕೆ ಮಾತ್ರ. ಮುಂದಿನ ಓದಿಗೆ 2004ರಲ್ಲಿ ಹುಟ್ಟಿದ ತುಮಕೂರು ವಿಶ್ವವಿದ್ಯಾನಿಲಯವಿದೆ. ಆದರೂ 'ಪಾದ್ರಿಗಳ ಕಾಲೇಜಿನಲ್ಲಿ ಸೀಟು ಸಿಕ್ಕಿದರೆ ಸಾಕು' ಎಂಬ ಹಿರಿಯರ ಹಂಬಲ ಕರಗಿಲ್ಲ.

ಆ ಪಾದ್ರಿಗಳ ಕಾಲೇಜು ಈಗ ಕಾಲೇಜಾಗಿ ಉಳಿದಿಲ್ಲವೆಂಬುದು ಬಹುಮಂದಿಗೆ ತಿಳಿಯದು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಸಂಸ್ಥೆಯನ್ನು 1882ರಲ್ಲಿ ಕಟ್ಟಿದವರು ಪ್ಯಾರಿಸ್ಸಿನ ವಿದೇಶ ಮಿಷನ್ ಸಂಘದವರು. ಟಿಪ್ಪುವಿನ ಪತನಾನಂತರ ಮೈಸೂರು ಸೀಮೆಯಲ್ಲಿ ದೇಶೀ ವೇಷ ತೊಟ್ಟು ಬಾಳಿದ ಅಬ್ಬೆ ದ್ಯುಬುವಾ ಆ ಸಂಘದವನೇ. 1937ರಲ್ಲಿ ಸಂಸ್ಥೆ ಯೇಸುಸಭೆಯ ಕೈಗೆ ಬಂತು. 2022ರ ಸೆಪ್ಟೆಂಬರ್ 27ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರಿಂದ ವಿಶ್ವವಿದ್ಯಾನಿಲಯವಾಗಿ ಉದ್ಘಾಟನೆಗೊಂಡಿತು. 1880ರಲ್ಲಿ ಯೇಸುಸಭೆಯವರು ಆರಂಭಿಸಿದ ಮಂಗಳೂರಿನ ಸೇಂಟ್ ಅಲೋಶಿಯಸ್ 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯದ ಪದವಿ ಪಡೆಯಿತು. ಕೇರಳ ಮೂಲದ ಸಿ.ಎಂ.ಐ. ಸಭೆಯವರ ಕ್ರೈಸ್ಟ್, 1969ರ ಕಾಲೇಜು, 2008ರಲ್ಲಿಯೇ ಆ ಪಟ್ಟಕ್ಕೇರಿತ್ತು.

ಹೆಸರು ಬದಲಾದರೆ ಏನಾಯಿತು ಎಂದು ಕೇಳಬಹುದು. ಸಂಯೋಜಿತ ಕಾಲೇಜಿನ ಅಧ್ಯಾಪಕ ಪಾಠ ಹೇಳುತ್ತಾನೆ. ಪಠ್ಯವನ್ನು ಗೊತ್ತುಮಾಡುವವರು, ಪದವಿ ಕೊಡುವವರು ಬೇರೆ. ಮಗು ತನ್ನದು, ನಾಮಕರಣ ನೆರೆಯವರದು! ವಿಶ್ವವಿದ್ಯಾನಿಲಯವಾದ ಮೇಲೆ ಎರಡೂ ಒಂದೇ ಮನೆಯಲ್ಲಿ. ತಪ್ಪಿದರೆ ದೂರಲು ನೆರೆಮನೆಯೂ ಇಲ್ಲ.

ಈ ಜನರಿಗೆ ಪಾಠಕ್ರಮವನ್ನು ಕುರಿತ ಆಲೋಚನೆ ಹೊಸದಲ್ಲ. 1540ರಲ್ಲಿ ಪೋಪರ ಮನ್ನಣೆ ಪಡೆದ ಯೇಸುಸಭೆ, 1599ರಲ್ಲೇ ತನ್ನ ಶಾಲೆಗಳಿಗೆಲ್ಲ ಒಂದು ಬೋಧನಾಸಂಹಿತೆಯನ್ನು ಸಿದ್ಧಪಡಿಸಿತ್ತು. ಬಡತನದ ವ್ರತ ತೊಟ್ಟ ಪಾದ್ರಿ ಪ್ರಾಧ್ಯಾಪಕನಾದರೆ, ಅವನ ಸಂಬಳ ಅವನದಲ್ಲ, ಸಭೆಯದು. ಗುರು ಬಡತನದ ವ್ರತಸ್ಥ, ಶುಲ್ಕ ಕಟ್ಟುವ ತಂದೆ ವ್ರತವಿಲ್ಲದೆಯೇ ಬಡವ; ಈ ವಿಚಿತ್ರವನ್ನು ಯಾವ ಸಂಹಿತೆಯೂ ಬಗೆಹರಿಸಿದಂತಿಲ್ಲ.

ಹಣದ ತೊಡಕಿಗಿಂತ ನುಡಿಯ ತೊಡಕು ಸೂಕ್ಷ್ಮವಾದದ್ದು. ಮಂಗಳೂರಿನ ಅಲೋಶಿಯಸ್‌ನಲ್ಲಿ ಸೇಡಿಯಾಪು ಕೃಷ್ಣಭಟ್ಟರಂತಹ ಛಂದೋವಿದ್ವಾಂಸರು ಕನ್ನಡ ಬೋಧಿಸಿದರು; ಪಾದ್ರಿಗಳ ಅಂಗಳದಲ್ಲಿ ಕನ್ನಡಕ್ಕೆ ಪೀಠವಿಲ್ಲದಿಲ್ಲ. ಆದರೆ ಕನ್ನಡ ಮಾಧ್ಯಮದಲ್ಲಿ ನೂರಕ್ಕೆ ತೊಂಬತ್ತು ತೆಗೆದ ಹುಡುಗಿ, ಅರ್ಥಶಾಸ್ತ್ರದ ತರಗತಿಯಲ್ಲಿ ತಿಳಿದ ಉತ್ತರವನ್ನೇ ನುಂಗಿಕೊಂಡು ಕೊನೆಯ ಬೆಂಚಿನಲ್ಲಿ ಕುಳಿತಿರುವಾಗ ಆ ಪೀಠ ಅವಳಿಗೆ ದೂರ. ಮೊದಲ ಆರು ತಿಂಗಳು ಅವಳ ಕೈ ಹಿಡಿಯುವವರು ದೊರೆತರೆ ಗೆದ್ದಳು. ಇಲ್ಲವಾದರೆ ತನ್ನ ಬುದ್ಧಿಯೇ ಮಂದವೆಂದು ನಂಬಿಬಿಡುತ್ತಾಳೆ. ವಿದ್ಯಾಪೀಠದ ಹಿರಿಮೆಯನ್ನು ಅಳೆಯಬೇಕಾದದ್ದು ಈ ಕೊನೆಯ ಬೆಂಚಿನಿಂದ, ಘಟಿಕೋತ್ಸವದ ವೇದಿಕೆಯಿಂದಲ್ಲ.

ಸಂಜೆಯ ಬಸ್ಸು ಮರಳುತ್ತದೆ. ಇಂಗ್ಲಿಷಿನಲ್ಲಿ ಮುದ್ರಿತವಾದ ವಿವರಪತ್ರಿಕೆಯನ್ನು ಮಗಳು ಓದಿ, ಸಾಲು ಸಾಲಾಗಿ ತಂದೆಗೆ ಕನ್ನಡದಲ್ಲಿ ಹೇಳುತ್ತಿದ್ದಾಳೆ. ಶುಲ್ಕದ ಪುಟ ಬಂದಾಗ ಮಾತ್ರ ತಂದೆ, 'ಕೊಡು, ಅಂಕಿ ನನಗೆ ಬರುತ್ತದೆ' ಎಂದು ಕೈ ನೀಡುತ್ತಾನೆ.