ಹಾಸಿಗೆ ಹಿಡಿದರಷ್ಟೇ ನೋವೇ?

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಮುತ್ತಲಿನ ಮೆಡಿಕಲ್ ಶಾಪುಗಳಲ್ಲಿ ಸಂಜೆಯಾದರೆ ಕೇಳಿಸುವ ಮಾತು: “ಅಣ್ಣಾ, ಸೊಂಟ ಹಿಡ್ಕೊಂಡಿದೆ, ಎರಡು ಮಾತ್ರೆ ಕೊಡಿ.” ಚೀಟಿ ಇಲ್ಲ, ತಪಾಸಣೆ ಇಲ್ಲ. ಮೂಟೆ ಹೊರುವವರು, ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವವರು, ಇಂದಿರಾನಗರದ ಮನೆಮನೆಗೆ ಬೈಕಿನಲ್ಲಿ ಊಟ ತಲುಪಿಸುವ ಹುಡುಗರು ಹೀಗೆ ಬಿಡಿ ಮಾತ್ರೆ ನುಂಗಿಯೇ ಮರುದಿನದ ದುಡಿಮೆಗೆ ಏಳುತ್ತಾರೆ. ಕೆಲವರ ಜೇಬಿನಲ್ಲಿ ಆರೋಗ್ಯ ವಿಮೆಯ ಕಾರ್ಡೂ ಇರುತ್ತದೆ. ಮಾತ್ರೆ ಕೊಳ್ಳುವಾಗ ಅದು ಕೆಲಸಕ್ಕೆ ಬಾರದು.

ನಮ್ಮ ವಿಮೆಯ ಕಣ್ಣಿಗೆ ಬೀಳಬೇಕಾದರೆ ರೋಗಿ ಆಸ್ಪತ್ರೆಯಲ್ಲಿ ಮಲಗಿರಬೇಕು. ಸಾಮಾನ್ಯ ಪಾಲಿಸಿಗಳು ಕೇಳುವುದು 24 ಗಂಟೆ ಅಡ್ಮಿಟ್ ಆದ ದಾಖಲೆ, ಇಲ್ಲವೇ ಪಟ್ಟಿಯಲ್ಲಿರುವ ಒಂದು ದಿನದ ಚಿಕಿತ್ಸೆ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2020ರಲ್ಲಿ ರೂಪಿಸಿದ ‘ಆರೋಗ್ಯ ಸಂಜೀವನಿ’ ಪಾಲಿಸಿಯೂ ಆಸ್ಪತ್ರೆಯ ಖರ್ಚಿನ ಜೊತೆಗೆ ಅಡ್ಮಿಟ್ ಆಗುವ ಮುಂಚಿನ 30 ದಿನ, ಬಿಡುಗಡೆಯಾದ ಮೇಲಿನ 60 ದಿನದ ವೆಚ್ಚಕ್ಕಷ್ಟೇ ಹೊಣೆಯಾಗುತ್ತದೆ. ಬಡವರಿಗೆಂದು ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ 5 ಲಕ್ಷ ರೂಪಾಯಿ ಕೂಡ ಮುಖ್ಯವಾಗಿ ಆಸ್ಪತ್ರೆಯೊಳಗಿನ ಚಿಕಿತ್ಸೆಗೇ ಮೀಸಲು.

ಇದರ ಪರಿಣಾಮ ನೋಡಿ. ಕಾಯುವ ಅವಧಿ ಮುಗಿದಿದ್ದರೆ, ಸವೆದ ಮಂಡಿಯನ್ನು ಕೊಯ್ದು ಕೃತಕ ಕೀಲು ಕೂರಿಸಲು ವಿಮೆ ಲಕ್ಷಗಟ್ಟಲೆ ಕೊಡುತ್ತದೆ. ಆ ದಿನವನ್ನು ಮುಂದೂಡಬಲ್ಲ ವ್ಯಾಯಾಮ ಚಿಕಿತ್ಸೆಗೆ, ಅಲ್ಲಿಯವರೆಗೆ ನಡೆದಾಡಿಸುವ ಮುಲಾಮು, ಮಾತ್ರೆಗಳಿಗೆ ಬಿಡಿಗಾಸಿಲ್ಲ. ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿದು ರಾತ್ರಿ ನಿದ್ದೆ ಬಾರದವರಿಗೆ ವೈದ್ಯರು ಬರೆದುಕೊಡುವ ಗಾಬಾಪೆಂಟಿನ್, ಪ್ರೆಗಾಬಲಿನ್, ಅಮಿಟ್ರಿಪ್ಟಿಲಿನ್‌ಗೂ ಇದೇ ಗತಿ. ಇವು ಅಫೀಮಿನ ವಂಶದ (ಒಪಿಯಾಯ್ಡ್) ಮದ್ದುಗಳಲ್ಲ. ಒಂದೊಂದು ಶೀಟಿನ ಬೆಲೆ ದೊಡ್ಡದೆನಿಸದು; ವರ್ಷಗಟ್ಟಲೆ ಕೊಳ್ಳಬೇಕಾಗಿ ಬಂದಾಗ ಸಂಸಾರಕ್ಕೆ ಅದು ಬಾಡಿಗೆಯಂತೆ ಕಾಯಂ ಖರ್ಚು. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕದಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ 39.4ರಷ್ಟನ್ನು ಜನ ತಮ್ಮ ಜೇಬಿನಿಂದಲೇ ಕೊಟ್ಟಿದ್ದಾರೆ.

ವಿಮೆ ಯಾವುದಕ್ಕೆ ದುಡ್ಡು ಕೊಡುತ್ತದೋ ಚಿಕಿತ್ಸೆ ಆ ಕಡೆಗೇ ವಾಲುತ್ತದೆ. ಒಪಿಯಾಯ್ಡ್ ಮಾತ್ರೆಗಳಿಂದ ಲಕ್ಷಾಂತರ ಜನರನ್ನು ಕಳೆದುಕೊಂಡ ಅಮೆರಿಕ ಇದನ್ನು ತಡವಾಗಿ ಕಲಿಯಿತು. ಹೊರರೋಗಿ ಶಸ್ತ್ರಚಿಕಿತ್ಸೆಯಲ್ಲಿ ಒಪಿಯಾಯ್ಡ್ ಅಲ್ಲದ ಕೆಲವು ನೋವು ನಿವಾರಕಗಳಿಗೆ ಅಲ್ಲಿನ ಸರ್ಕಾರಿ ವಿಮೆ ಮೆಡಿಕೇರ್ 2025ರ ಜನವರಿ 1ರಿಂದ ಪ್ರತ್ಯೇಕವಾಗಿ ಹಣ ಕೊಡುತ್ತಿದೆ. ನಮ್ಮಲ್ಲಿ ದುಡ್ಡಿನ ಈ ವಾಲಿಕೆ ಜನರನ್ನು ತಳ್ಳುತ್ತಿರುವುದು ಒಂದು ಕಡೆ ಆಪರೇಷನ್ ಟೇಬಲ್ಲಿಗೆ, ಇನ್ನೊಂದು ಕಡೆ ಚೀಟಿಯಿಲ್ಲದ ಬಿಡಿ ಮಾತ್ರೆಗೆ. ಡೈಕ್ಲೊಫೆನಾಕ್, ಐಬುಪ್ರೊಫೇನ್‌ನಂಥವನ್ನು ವೈದ್ಯರ ನಿಗಾ ಇಲ್ಲದೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಮಾತ್ರೆಗೆ ಕೈ ಬಿಗಿಹಿಡಿದ ವಿಮೆಯೇ ಆಗ ಡಯಾಲಿಸಿಸ್‌ನ ಬಿಲ್ಲು ಕಟ್ಟಬೇಕಾದೀತು.

“ಹೊರರೋಗಿಯ ಔಷಧಕ್ಕೆ ವಿಮೆ ಕೊಟ್ಟರೆ ಸುಳ್ಳು ಬಿಲ್ಲುಗಳ ರಾಶಿ ಬೀಳುತ್ತದೆ, ನೋವನ್ನು ಅಳೆಯುವವರು ಯಾರು?” ಎಂಬುದು ಕಂಪನಿಗಳ ಕಡೆಯ ವಾದ. ಉತ್ತರ ಇಂದಿರಾನಗರದಲ್ಲೇ ಇದೆ. ಅಲ್ಲಿನ ಇಎಸ್‌ಐ (ನೌಕರರ ರಾಜ್ಯ ವಿಮೆ) ಆಸ್ಪತ್ರೆಗೆ ಬರುವ ಕಾರ್ಮಿಕರು ಸಂಬಳದ ಶೇ 0.75ರಷ್ಟು ಕಟ್ಟುತ್ತಾರೆ, ಮಾಲೀಕರು ಶೇ 3.25. ಪ್ರತಿಯಾಗಿ, ಅಡ್ಮಿಟ್ ಆಗದಿದ್ದರೂ ವೈದ್ಯರು ಬರೆದ ಮಾತ್ರೆಗೆ ಅವರು ಹಕ್ಕುದಾರರು. ಸರತಿ ಉದ್ದವಿರಬಹುದು, ಆದರೆ ತತ್ವ ಸರಿ. ರೋಗಿಯ ಕೈಗೆ ಔಷಧ ಕೊಟ್ಟರೆ ಸುಳ್ಳು ಬಿಲ್ಲಿಗೆ ಎಡೆ ಕಡಿಮೆ. ಅಡ್ಮಿಟ್ ಆಗದವರಿಗೂ ಔಷಧ ಎಂಬ ತತ್ವವನ್ನು 1948ರ ಇಎಸ್‌ಐ ಕಾಯ್ದೆಯೇ ಒಪ್ಪಿಕೊಂಡಿತ್ತು.

ಆದರೆ ಸಂಬಳ 21,000 ರೂಪಾಯಿ ದಾಟಿದರೆ ಇಎಸ್‌ಐ ತಪ್ಪುತ್ತದೆ. 2017ರಿಂದ ಈ ಮಿತಿ ಹಾಗೇ ನಿಂತಿದೆ. ಕೆ.ಆರ್. ಪುರದ ಕಾರ್ಖಾನೆಯಲ್ಲಿ ಬಡ್ತಿ ಪಡೆದವನು ಕಂಪನಿಯ ಗುಂಪು ವಿಮೆಗೆ ಬಂದು ಬಿದ್ದಾಗ, ನಿನ್ನೆಯವರೆಗೆ ಸಿಗುತ್ತಿದ್ದ ಬೆನ್ನುನೋವಿನ ಮಾತ್ರೆಯನ್ನು ಕಳೆದುಕೊಳ್ಳುತ್ತಾನೆ. ಬಡ್ತಿಗೆ ಇದೆಂಥ ದಂಡ!

ಇತ್ತ ನಮ್ಮ ಜಗಳಗಳು ಬೇರೆಯೇ. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ, ಕೇಂದ್ರ ಸರ್ಕಾರದ ಯೋಜನೆಯ ಜನೌಷಧಿ ಕೇಂದ್ರಗಳನ್ನು ಮುಚ್ಚುವಂತೆ ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆದೇಶಿಸಿತು. ಆಸ್ಪತ್ರೆಯಲ್ಲೇ ಉಚಿತವಾಗಿ ಔಷಧ ಕೊಡುತ್ತೇವೆ ಎಂಬುದು ಅದರ ಸಮರ್ಥನೆ. ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ಯಾರ ಅಂಗಡಿ ಎಂದು ಪಕ್ಷಗಳು ಕಾದಾಡಿದವು. ಹಗಲೆಲ್ಲ ದುಡಿಯುವ, ಶಿವಾಜಿನಗರದ ಸರ್ಕಾರಿ ಬೌರಿಂಗ್ ಆಸ್ಪತ್ರೆಯ ಸರತಿಯಲ್ಲಿ ನಿಂತರೆ ಆ ದಿನದ ಕೂಲಿ ಕಳೆದುಕೊಳ್ಳುವ ವ್ಯಕ್ತಿಗೆ ಮಾತ್ರೆ ಎಲ್ಲಿಂದ ಎಂಬ ಪ್ರಶ್ನೆ ಮೂಲೆಗೆ ಸರಿಯಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿ ರದ್ದಾಯಿತು. ಪಾಲಿಸಿ ಅಗ್ಗವಾದದ್ದು ಒಳ್ಳೆಯದೇ, ಆದರೆ ಅದು ಏನನ್ನು ಕೊಡುತ್ತದೆ ಎಂಬುದು ಬದಲಾಗಲಿಲ್ಲ.

ಬೇಕಾಗಿರುವುದು ಇಷ್ಟು. ದೀರ್ಘಕಾಲದ ನೋವಿಗೆ ವೈದ್ಯರು ಜೆನೆರಿಕ್ ಹೆಸರಿನಲ್ಲಿ ಬರೆದ ಔಷಧವನ್ನು, ವರ್ಷಕ್ಕೊಂದು ಮಿತಿ ಹಾಕಿಯಾದರೂ ಸರಿ, ಪ್ರತಿ ಮೂಲ ಪಾಲಿಸಿಯಲ್ಲೂ ಸೇರಿಸಲು ಐಆರ್‌ಡಿಎಐ ಹೇಳಬೇಕು. ಆರೋಗ್ಯ ಕರ್ನಾಟಕದ ಕಾರ್ಡಿಗೆ ಜನೌಷಧಿ ಕೇಂದ್ರಗಳಲ್ಲೂ ಸರ್ಕಾರಿ ಔಷಧಾಲಯಗಳಲ್ಲೂ ಹಣ ಕೊಡದೆಯೇ ಈ ಮಾತ್ರೆ ಸಿಗಬೇಕು. ಇಎಸ್‌ಐ ಮಿತಿ ಏರಬೇಕು. ಆಗ “ಎರಡು ಮಾತ್ರೆ ಕೊಡಿ” ಎಂದು ಕೇಳುವವನ ಕೈಯಲ್ಲಿ ವೈದ್ಯರ ಚೀಟಿ ಇರುತ್ತದೆ, ನಿಂತೇ ನೋವುಣ್ಣುವವನೂ ವಿಮೆಯ ಲೆಕ್ಕಕ್ಕೆ ಬರುತ್ತಾನೆ.