ಗೀರು ಬಿದ್ದ ಬ್ಯಾಟರಿ, ಗುರುತು ಅಳಿಸಿದ ಬ್ಯಾಟರಿ

ಆರಿದ್ರಾ ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ವಿದ್ಯುತ್ ತಂತಿಯ ಮೇಲೆ ಮರ ಬೀಳುವುದೂ ಊರಿಗೆ ಊರೇ ದಿನಗಟ್ಟಲೆ ಕತ್ತಲಲ್ಲಿ ಮುಳುಗುವುದೂ ಹೊಸ ಸಂಗತಿಯಲ್ಲ. ಆದ್ದರಿಂದಲೇ ನಮ್ಮ ಮನೆಗಳಲ್ಲಿ ಬ್ಯಾಟರಿ ಎಂಬುದು ಐಷಾರಾಮದ ವಸ್ತುವಾಗಿ ಉಳಿದಿಲ್ಲ. ಇನ್ವರ್ಟರಿಗೊಂದು, ಹಂದಿ ಕಾಡುಕೋಣಗಳಿಂದ ಗದ್ದೆ ತೋಟ ಕಾಯುವ ಸೋಲಾರ್ ಬೇಲಿಗೊಂದು, ಅಂಗಳದಲ್ಲಿ ನಿಂತ ಜೀಪಿಗೊಂದು. ಸಾಧಾರಣ ಕೃಷಿಕ ಕುಟುಂಬವೂ ಇಂದು ಎರಡು ಮೂರು ಸೀಸ-ಆಮ್ಲ ಬ್ಯಾಟರಿಗಳನ್ನು ಸಾಕುತ್ತಿದೆ. ಅಡಿಕೆಯ ಧಾರಣೆ ಕುಸಿದ ವರ್ಷವೇ ಅವುಗಳಲ್ಲೊಂದು ಕೈಕೊಡುತ್ತದೆ.

ಈ ಸಂಕಟವನ್ನು ಚೆನ್ನಾಗಿ ಬಲ್ಲ ವ್ಯಾಪಾರವೊಂದು ಪೇಟೆಗಳಲ್ಲಿ ಬೆಳೆದು ನಿಂತಿದೆ. “ಮೇಲೆ ಸ್ವಲ್ಪ ಗೀರು ಬಿದ್ದಿದೆ ಅಷ್ಟೆ, ಒಳಗೆ ಹೊಸದೇ. ಅರ್ಧ ಬೆಲೆಗೆ ತೆಗೆದುಕೊಂಡು ಹೋಗಿ” ಎಂಬ ಮಾತಿಗೆ ಯಾರ ಮನಸ್ಸು ತಾನೆ ಕರಗದು? ಉಳಿಸಿದ್ದೇ ಗಳಿಕೆ ಎಂದು ನಂಬಿ ಬದುಕಿದವರು ನಾವು. ಆದರೆ ಈ ಒಂದೇ ಮಾತಿನ ಮರೆಯಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ. ಒಂದು, ಸಾಗಾಟದಲ್ಲಿ ನಿಜವಾಗಿಯೂ ಗೀರು ಬಿದ್ದ ಹೊಸ ಬ್ಯಾಟರಿ. ಇನ್ನೊಂದು, ಸತ್ತ ಬ್ಯಾಟರಿಯನ್ನು ಬಿಚ್ಚಿ, ತೊಳೆದು, ಬಣ್ಣ ಬಳಿದು, ಗುರುತು ಅಳಿಸಿ ತಂದಿಟ್ಟದ್ದು. ಮೊದಲನೆಯದನ್ನು ಕೊಳ್ಳುವುದು ವಿವೇಕ. ಎರಡನೆಯದನ್ನು ಕೊಳ್ಳುವುದೆಂದರೆ ನಮ್ಮ ಹಳ್ಳದ ಮೇಲ್ಭಾಗಕ್ಕೆ ವಿಷ ಸುರಿಯಲು ಕೂಲಿ ಕೊಟ್ಟಂತೆ. ಈ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದನ್ನು ನಾವು ಇನ್ನು ಒಪ್ಪಕೂಡದು.

ಗೀರು ದೋಷವಲ್ಲ

ಮೊದಲು ಗೀರಿನ ಪರವಾಗಿಯೇ ಎರಡು ಮಾತು. ಹೊರಮೈ ಗೀಚಿದ, ಚೀಟಿ ಹರಿದ, ಬಣ್ಣ ಮಾಸಿದ ಬ್ಯಾಟರಿಯ ಒಳಗಿನ ಫಲಕಗಳಿಗೆ ಅದರಿಂದ ಯಾವ ಹಾನಿಯೂ ಇಲ್ಲ. ಅಂದಗೆಟ್ಟ ಮಾಲನ್ನು ರಿಯಾಯಿತಿಗೆ ಮಾರುವುದು ಎಲ್ಲ ದೇಶಗಳಲ್ಲೂ ಇರುವ ನ್ಯಾಯವಾದ ವ್ಯಾಪಾರ. ಅಂದಕ್ಕಾಗಿ ಸಾವಿರಾರು ರೂಪಾಯಿ ಹೆಚ್ಚು ತೆರುವ ಅಗತ್ಯ ಮಲೆನಾಡಿನ ರೈತನಿಗಿಲ್ಲ. ಬ್ಯಾಟರಿಯನ್ನು ಯಾರೂ ದೇವರ ಕೋಣೆಯಲ್ಲಿಟ್ಟು ಪೂಜಿಸುವುದಿಲ್ಲವಷ್ಟೆ.

ಆದರೆ ಗೀರಿಗೂ ಬಿರುಕಿಗೂ ಭೇದವಿದೆ. ಕೂದಲೆಳೆಯಷ್ಟು ಬಿರುಕಿದ್ದರೂ ಆಮ್ಲ ಜಿನುಗುತ್ತದೆ. ಉಬ್ಬಿದ ಮಗ್ಗುಲು, ಅಲುಗಾಡುವ ಅಥವಾ ಸುಟ್ಟಂತೆ ಕಪ್ಪಾದ ಟರ್ಮಿನಲ್, ಮುಚ್ಚಳದ ಸುತ್ತ ಹೊಸದಾಗಿ ಎರೆದ ಡಾಂಬರು ಅಥವಾ ಅಂಟು, ಇವು ಅಂದದ ದೋಷಗಳಲ್ಲ, ಪ್ರಾಣದ ದೋಷಗಳು. ಅಂತೆಯೇ ದಿನಾಂಕವನ್ನು ನೋಡಬೇಕು. ಬಳಸದೆ ಇಟ್ಟ ಬ್ಯಾಟರಿಯೂ ತನ್ನಷ್ಟಕ್ಕೆ ಕ್ಷೀಣಿಸುತ್ತದೆ. ವಿದ್ಯುತ್ ಇಳಿದಾಗ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಅದು ಕರಗುತ್ತದೆ. ತಿಂಗಳುಗಟ್ಟಲೆ ಹಾಗೆಯೇ ಬಿಟ್ಟರೆ ಹರಳುಗಟ್ಟಿ ಗಟ್ಟಿಯಾಗುತ್ತದೆ, ಮತ್ತೆ ಕರಗದು. ಗೀರೇ ಇಲ್ಲದೆ ಒಂದೂವರೆ ವರ್ಷ ಗೋದಾಮಿನಲ್ಲಿ ಕೊಳೆತ ಬ್ಯಾಟರಿಗಿಂತ ಮೂರು ತಿಂಗಳ ಹಿಂದೆ ತಯಾರಾದ ಗೀರುಬಿದ್ದ ಬ್ಯಾಟರಿಯೇ ಮೇಲು.

ಪರೀಕ್ಷೆಗಳೂ ಕಠಿಣವಲ್ಲ. ಪೂರ್ಣ ಚಾರ್ಜ್ ಆಗಿ ಕೆಲವು ಗಂಟೆ ವಿಶ್ರಾಂತಿ ಪಡೆದ 12 ವೋಲ್ಟಿನ ಬ್ಯಾಟರಿ ಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಅದು ಬಹುಪಾಲು ಬರಿದಾಗಿದೆ. ಆದರೆ ಇದೊಂದನ್ನೇ ನಂಬುವಂತಿಲ್ಲ. ಆಗ ತಾನೆ ಚಾರ್ಜರಿನಿಂದ ಬಿಡಿಸಿದ ಮುದಿ ಬ್ಯಾಟರಿಯೂ ಸ್ವಲ್ಪ ಹೊತ್ತು ಒಳ್ಳೆಯ ಅಂಕಿಯನ್ನೇ ತೋರುತ್ತದೆ. ಆಮ್ಲದ ಸಾಂದ್ರತೆ ಅಳೆಯುವ ಹೈಡ್ರೋಮೀಟರನ್ನೂ ವಂಚಿಸಬಹುದು. ಸವೆದ ಫಲಕಗಳ ಮೇಲೆ ತೀಕ್ಷ್ಣವಾದ ಹೊಸ ಆಮ್ಲ ಸುರಿದರೆ ಅಂಕಿ ಮೇಲೇರುತ್ತದೆ, ಫಲಕ ಮಾತ್ರ ಸವೆದೇ ಇರುತ್ತದೆ. ನಿಜ ಹೊರಬೀಳುವುದು ಹೊರೆ ಹೊರಿಸಿದಾಗ. ಜೀಪಿನ ಸ್ಟಾರ್ಟರ್ ತಿರುಗುವಾಗ ವೋಲ್ಟೇಜು ಸುಮಾರು 9.6ಕ್ಕಿಂತ ಕೆಳಗೆ ಕುಸಿದರೆ ಆ ಬ್ಯಾಟರಿ ನಂಬಿಕೆಗೆ ಅರ್ಹವಲ್ಲ. “ಅಂಗಡಿಯಲ್ಲಿ ಹೊರೆ ಹೊರಿಸಿ ತೋರಿಸಿ, ತಯಾರಿಕೆಯ ದಿನಾಂಕ ತೋರಿಸಿ, ಕ್ರಮಸಂಖ್ಯೆ ಬರೆದ ರಸೀದಿ ಮತ್ತು ವಾರಂಟಿ ಚೀಟಿ ಕೊಡಿ” ಎಂದು ಕೇಳಿ ನೋಡಿ. ನಿಜವಾಗಿ ಗೀರು ಬಿದ್ದ ಮಾಲಿನವನು ಇವೆಲ್ಲವನ್ನೂ ಕೊಡುತ್ತಾನೆ. ಗುರುತು ಅಳಿಸಿದವನು ಮಾತು ಬದಲಿಸುತ್ತಾನೆ.

ಸತ್ತ ಬ್ಯಾಟರಿಗೆ ಜೀವ ಬಂದ ಬಗೆ

ಆ ಇನ್ನೊಂದು ಬ್ಯಾಟರಿ ಎಲ್ಲಿಂದ ಬಂತು? ಹಳೆಯ ಬ್ಯಾಟರಿಯೊಳಗಿನ ಆಮ್ಲವನ್ನು ಮೊದಲು ಚರಂಡಿಗೆ ಬಗ್ಗಿಸುತ್ತಾರೆ. ಮೇಲಿನ ಹೊದಿಕೆಯನ್ನು ಕೊಯ್ದು ಒಳಗಿನ ಫಲಕಗಳನ್ನು ಎತ್ತುತ್ತಾರೆ. ತಳದಲ್ಲಿ ಕೆಸರಿನಂತೆ ಕೂತ ಸೀಸದ ಗಸಿಯನ್ನು ನೀರು ಹೊಡೆದು ತೊಳೆಯುತ್ತಾರೆ. ಆ ನೀರೂ ಚರಂಡಿಗೆ. ಎರಡು ಮೂರು ಸತ್ತ ಬ್ಯಾಟರಿಗಳಿಂದ ಆಯ್ದ ಫಲಕಗಳನ್ನು ಒಂದರಲ್ಲಿ ಜೋಡಿಸಿ, ಹೊಸ ಆಮ್ಲ ತುಂಬಿ, ಅಂಟು ಹಾಕಿ, ಬಣ್ಣ ಬಳಿಯುತ್ತಾರೆ. ಕೆಲಸಕ್ಕೆ ಬಾರದ ಫಲಕಗಳು ತೆರೆದ ಕುಲುಮೆಗೆ ಹೋಗುತ್ತವೆ. ಸೀಸ 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುವ ಲೋಹ. ಅದಕ್ಕೆ ಕಾರ್ಖಾನೆ ಬೇಕಿಲ್ಲ, ಮನೆಯ ಹಿತ್ತಲ ಒಲೆ ಸಾಕು. ಬೀಸುಬಲೆಗೆ ಗುಂಡು ಎರೆಯಲು ಯಾರಾದರೂ ಹೀಗೆ ಕರಗಿಸುವುದನ್ನು ಕಂಡರೆ ಕೂಡಲೇ ತಡೆಯಿರಿ. ಆ ಹೊಗೆ ಮತ್ತು ಧೂಳು ಮೊದಲು ಸೇರುವುದು ಮನೆಯ ಮಕ್ಕಳ ಒಡಲಿಗೆ.

ದುರಸ್ತಿಯೆಂಬುದೇ ಪಾಪವೆಂದು ನಾನು ಹೇಳುತ್ತಿಲ್ಲ. ಆಮ್ಲವನ್ನು ಶಮನಗೊಳಿಸುವ, ಗಸಿಯನ್ನು ಹಿಡಿದಿಡುವ, ಕೆಲಸಗಾರನಿಗೆ ಮುಖಗವಸು ಕೊಡುವ, ನೋಂದಣಿ ಮಾಡಿಸಿಕೊಂಡ ದುರಸ್ತಿ ಘಟಕಕ್ಕೆ ಸ್ವಾಗತವಿದೆ. ಅಂಥ ಘಟಕಕ್ಕೆ ತನ್ನ ಹೆಸರನ್ನು ಬ್ಯಾಟರಿಯ ಮೇಲೆ ಬರೆಯಲು ಸಂಕೋಚವಿರುವುದಿಲ್ಲ. ಹೆಸರನ್ನು ಅಳಿಸುವವನಿಗೆ ಮುಚ್ಚಿಡಲು ಏನೋ ಇದೆ.

ಮಣ್ಣಿನ ಲೆಕ್ಕ

ಮಣ್ಣಿನ ವಿದ್ಯಾರ್ಥಿಯಾಗಿ ಒಂದು ಸರಳ ಲೆಕ್ಕವನ್ನು ಓದುಗರ ಮುಂದಿಡುತ್ತೇನೆ. ಬ್ಯಾಟರಿಯ ತೂಕದಲ್ಲಿ ಸುಮಾರು 60 ಭಾಗ ಸೀಸ. ಇನ್ವರ್ಟರಿನ ದೊಡ್ಡ ಬ್ಯಾಟರಿಯೊಂದು 50 ಕಿಲೋ ತೂಗಿದರೆ ಅದರಲ್ಲಿ ಸುಮಾರು 30 ಕಿಲೋ ಸೀಸವಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ವಸತಿ ಪ್ರದೇಶದ ಮಣ್ಣಿನಲ್ಲಿ ಸೀಸದ ಎಚ್ಚರಿಕೆಯ ಮಟ್ಟವನ್ನು 2024ರಲ್ಲಿ ಕಿಲೋ ಮಣ್ಣಿಗೆ 400 ಮಿಲಿಗ್ರಾಮಿನಿಂದ 200 ಮಿಲಿಗ್ರಾಮಿಗೆ ಇಳಿಸಿತು. ಒಂದು ಗುಂಟೆ ನೆಲದ ಅರ್ಧ ಅಡಿ ಆಳದ ಮೇಲ್ಮಣ್ಣು ಸುಮಾರು 20 ಟನ್ ತೂಗುತ್ತದೆ. ಅಷ್ಟೂ ಮಣ್ಣನ್ನು ಆ ಎಚ್ಚರಿಕೆಯ ಗೆರೆಗೆ ಮುಟ್ಟಿಸಲು ಬೇಕಾದ ಸೀಸ ಕೇವಲ 4 ಕಿಲೋ. ಒಂದೇ ಬ್ಯಾಟರಿಯ ಏಳನೆಯ ಒಂದು ಪಾಲು!

ಸೀಸ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ, ಗೊಬ್ಬರವಾಗುವುದಿಲ್ಲ. ಬಿದ್ದಲ್ಲಿಯ ಮೇಲ್ಮಣ್ಣಿಗೆ ಅಂಟಿಕೊಂಡು ತಲೆಮಾರುಗಳ ಕಾಲ ಕೂರುತ್ತದೆ. ನಮ್ಮ ಘಟ್ಟದ ಮಣ್ಣು ಸ್ವಭಾವತಃ ಹುಳಿ. ಅದರ ಮೇಲೆ ಬ್ಯಾಟರಿಯ ಗಂಧಕಾಮ್ಲ ಬಿದ್ದರೆ ಹುಳಿ ಇನ್ನೂ ಏರುತ್ತದೆ. ಹುಳಿ ಏರಿದಷ್ಟೂ ಸೀಸ ಸಡಿಲವಾಗಿ ಬೇರಿಗೂ ನೀರಿಗೂ ದಕ್ಕುವುದು ಸುಲಭ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಕಡಿದಾದ ಇಳಿಜಾರು, ಇವೆರಡೂ ಕೂಡಿದಲ್ಲಿ ಪೇಟೆಯ ಚರಂಡಿಯ ಗಸಿ ಪೇಟೆಯಲ್ಲೇ ಉಳಿಯುವುದಿಲ್ಲ. ಮಣ್ಣಿನ ಜೊತೆ ಹಳ್ಳಕ್ಕೆ, ಹಳ್ಳದಿಂದ ಗದ್ದೆಬಯಲಿಗೆ ಇಳಿಯುತ್ತದೆ. ಹಳ್ಳದ ಅಂಚಿನ ತೇವದಲ್ಲಿ ನೆಲಕ್ಕಂಟಿ ಹಬ್ಬುವುದು ಒಂದೆಲಗ. ಮಕ್ಕಳ ಬುದ್ಧಿ ಚುರುಕಾಗಲೆಂದು ನಾವು ಅದನ್ನೇ ಕಿತ್ತು ತಂದು ಹಸಿಯಾಗಿ ಅರೆದು ತಂಬುಳಿ ಮಾಡುತ್ತೇವೆ. ಬುದ್ಧಿಗೆಂದು ಉಣಿಸುವ ಸೊಪ್ಪಿನಲ್ಲೇ ಬುದ್ಧಿಯನ್ನು ಕೊಲ್ಲುವ ಲೋಹ ಸೇರಿಕೊಂಡರೆ ಅದಕ್ಕಿಂತ ಕ್ರೂರವಾದ ವಿಪರ್ಯಾಸ ಬೇರೆ ಯಾವುದಿದ್ದೀತು?

ಮಕ್ಕಳ ಲೆಕ್ಕ

ಇದು ಕಲ್ಪನೆಯ ಭೀತಿಯಲ್ಲ. ಸೀಸಕ್ಕೆ ನಿರಪಾಯಕರವೆನ್ನಬಹುದಾದ ಯಾವ ಪ್ರಮಾಣವೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ನುಂಗಿದ ಸೀಸವನ್ನು ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ದೇಹದಲ್ಲಿ ಕಬ್ಬಿಣಾಂಶ ಕಡಿಮೆಯಿದ್ದರೆ ಆ ಹೀರಿಕೆ ಇನ್ನೂ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ನಮ್ಮ ದೇಶದ ಮಕ್ಕಳಲ್ಲಿ ಶೇ. 67ರಷ್ಟು ಮಂದಿ ರಕ್ತಹೀನರು. ಮೂಳೆಯಲ್ಲಿ ಅಡಗಿ ಕೂತ ಸೀಸ ಗರ್ಭಿಣಿಯ ರಕ್ತಕ್ಕೆ ಮರಳಿ ಹುಟ್ಟದ ಮಗುವನ್ನೂ ಮುಟ್ಟುತ್ತದೆ.

ಸೀಸ ಬೆರೆಸಿದ ಪೆಟ್ರೋಲನ್ನು ನಮ್ಮ ದೇಶ 2000ದಲ್ಲಿ ಕೈಬಿಟ್ಟಿತು. ಅಷ್ಟಕ್ಕೆ ನಾವು ನಿಟ್ಟುಸಿರು ಬಿಟ್ಟೆವು. ಆದರೆ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯ ಅಂದಾಜಿನಂತೆ ಭಾರತದ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಹಳೆಯ ಬ್ಯಾಟರಿಗಳನ್ನು ಅಡ್ಡಾದಿಡ್ಡಿಯಾಗಿ ಒಡೆದು ಕರಗಿಸುವುದು ಇದರ ಪ್ರಮುಖ ಮೂಲಗಳಲ್ಲೊಂದೆಂದು ಆ ವರದಿ ಎತ್ತಿ ತೋರಿಸಿತು. ಸೆನೆಗಲ್ ದೇಶದ ಡಕಾರ್ ನಗರದಂಚಿನ ಥಿಯಾರೋಯ್ ಸುರ್ ಮೆರ್ ಎಂಬಲ್ಲಿ 2007ರ ನವೆಂಬರಿನಿಂದ 2008ರ ಮಾರ್ಚಿಯವರೆಗೆ 18 ಪುಟ್ಟ ಮಕ್ಕಳು ಸತ್ತರು. ಹಳೆಯ ಬ್ಯಾಟರಿ ಒಡೆದ ಜಾಗದ ಮಣ್ಣನ್ನು ಜರಡಿ ಹಿಡಿದು ಸೀಸ ಹೆಕ್ಕುವುದು ಅಲ್ಲಿನ ಬಡ ಕುಟುಂಬಗಳ ಜೀವನೋಪಾಯವಾಗಿತ್ತು. ಅವರೂ ನಾಲ್ಕು ಕಾಸು ಉಳಿಸಲು, ಗಳಿಸಲು ಹೊರಟವರೇ.

ಅಗ್ಗದ ಲೆಕ್ಕ

“ಬಡವನಿಗೆ ಅಗ್ಗದ್ದೇ ಗತಿ, ಉಪದೇಶ ಉಳ್ಳವರಿಗಿರಲಿ” ಎಂದು ಆಕ್ಷೇಪಿಸುವವರುಂಟು. ಆಕ್ಷೇಪ ಗೌರವಾರ್ಹವಾದದ್ದು, ಆದ್ದರಿಂದ ಕಾಸಿನ ಲೆಕ್ಕವನ್ನೇ ಮಾಡೋಣ. ಉದಾಹರಣೆಗೆ, ಹೊಸ ಬ್ಯಾಟರಿಗೆ 12,000 ರೂಪಾಯಿ, ಬಾಳಿಕೆ ನಾಲ್ಕು ವರ್ಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ 3,000 ಬಿತ್ತು. ಗೀರು ಬಿದ್ದ ಹೊಸ ಬ್ಯಾಟರಿಗೆ 10,000, ಬಾಳಿಕೆ ಅಷ್ಟೇ. ವರ್ಷಕ್ಕೆ 2,500. ಗುರುತು ಅಳಿಸಿದ್ದಕ್ಕೆ 5,000, ಅದು ಒಂದು ಮಳೆಗಾಲ ದಾಟಿ ಎರಡನೆಯದಕ್ಕೆ ಕೈಕೊಟ್ಟರೆ ವರ್ಷಕ್ಕೆ 5,000. ಕೊಟ್ಟ ಬೆಲೆ ಅರ್ಧ, ತೆತ್ತ ಬೆಲೆ ಇಮ್ಮಡಿ! ಅಂಕಿಗಳನ್ನು ನಿಮ್ಮ ಊರಿನ ಧಾರಣೆಗೆ ಹೊಂದಿಸಿ ನೀವೇ ಲೆಕ್ಕ ಹಾಕಿ. ಅಗ್ಗದ ಬ್ಯಾಟರಿ ಬಡವನನ್ನು ಉಳಿಸುವುದಿಲ್ಲ, ಅವನನ್ನು ಪದೇ ಪದೇ ಅಂಗಡಿಗೆ ಕರೆಯುತ್ತದೆ. ಪ್ರತಿ ಕರೆಗೂ ಒಂದು ಸತ್ತ ಬ್ಯಾಟರಿ ಮತ್ತೆ ಅದೇ ಚರಂಡಿಯ ಪಕ್ಕಕ್ಕೆ ಮರಳುತ್ತದೆ.

ಕಾನೂನು ಇದೆ, ಘಟ್ಟ ಹತ್ತಿಲ್ಲ

ಹಳೆಯ ಬ್ಯಾಟರಿಯನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೂ ಮಾರಾಟಗಾರರ ಮೇಲೂ ಹೊರಿಸಿದ ನಿಯಮ 2001ರಲ್ಲೇ ಬಂದಿತ್ತು. ಅದರ ಸ್ಥಾನದಲ್ಲಿ 2022ರ ಆಗಸ್ಟಿನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಜಾರಿಗೆ ಬಂದವು. ಮಾರಿದ ಬ್ಯಾಟರಿಯ ಕೊನೆಯ ಗತಿಗೂ ಉತ್ಪಾದಕನೇ ಹೊಣೆ ಎಂಬುದು ಅದರ ತಿರುಳು. ದುರಸ್ತಿ ಮಾಡುವವರೂ ಮರುಬಳಕೆಗಾರರೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹಳೆಯ ಬ್ಯಾಟರಿಯನ್ನು ಇತರ ಕಸದೊಡನೆ ಬೆರೆಸದೆ ಸರಿಯಾದ ಕೈಗೆ ಒಪ್ಪಿಸುವುದು ಬಳಕೆದಾರರಾದ ನಮ್ಮ ಕರ್ತವ್ಯ. ಬ್ಯಾಟರಿಯ ಮೈಮೇಲೆ ಅಡ್ಡಗೀಟು ಹಾಕಿದ ಕಸದಬುಟ್ಟಿಯ ಚಿತ್ರವಿರುವುದು ಇದೇ ಕಾರಣಕ್ಕೆ.

ಹೊಸ ಬ್ಯಾಟರಿ ಮಾರಲು ಕಂಪನಿಗಳ ಲಾರಿಗೆ ಘಟ್ಟದ ದಾರಿ ತಿಳಿದಿದೆ. ಹಳೆಯದನ್ನು ಒಯ್ಯಲು ಅದೇ ದಾರಿ ಏಕೆ ತಿಳಿಯದು? ವಿದ್ಯುತ್ ತಂತಿಯನ್ನು ಮಳೆಗಾಲಕ್ಕೆ ಮುನ್ನ ಸರಿಪಡಿಸದೆ ಮನೆಮನೆಗೂ ಬ್ಯಾಟರಿ ಹೊರಿಸಿದ ಆಡಳಿತ, ಆ ಬ್ಯಾಟರಿಗಳ ಅಂತ್ಯಸಂಸ್ಕಾರದ ವಿಷಯ ಬಂದಾಗ ಏಕೆ ಮೌನ?

ನಾವು ಮಾಡಬೇಕಾದದ್ದು

ಅವರು ಬರುವವರೆಗೆ ಕಾಯುತ್ತ ಕೂರುವ ಅಗತ್ಯವಿಲ್ಲ. ನಮ್ಮ ಸಹಕಾರ ಸಂಘಗಳಿಗೆ ಗೊಬ್ಬರ ತರುವ ಲಾರಿ ಹಿಂದಿರುಗುವಾಗ ಎಷ್ಟೋ ಸಲ ಖಾಲಿ ಹೋಗುತ್ತದೆ. ವರ್ಷಕ್ಕೊಂದು ದಿನ, ಮಳೆಗಾಲಕ್ಕೆ ಮುನ್ನ, ಹಳೆಯ ಬ್ಯಾಟರಿಗಳನ್ನು ಸಂಘದ ಜಗಲಿಗೆ ತರಿಸಿ, ಆಮ್ಲ ಚೆಲ್ಲದಂತೆ ನೆಟ್ಟಗೆ ನಿಲ್ಲಿಸಿ, ಟರ್ಮಿನಲ್ಲುಗಳಿಗೆ ಹೊದಿಕೆ ಹಾಕಿ, ನೋಂದಾಯಿತ ಸಂಗ್ರಾಹಕರಿಗೆ ರಸೀದಿ ಪಡೆದು ಒಪ್ಪಿಸಬಹುದು. ಸೀಸಕ್ಕೆ ಬೆಲೆಯಿದೆ, ಅದು ಸದಸ್ಯರ ಖಾತೆಗೇ ಬರಲಿ. ಅದೇ ಸಂಘ ಗೀರು ಬಿದ್ದ ಹೊಸ ಬ್ಯಾಟರಿಗಳನ್ನು ದಿನಾಂಕ, ವಾರಂಟಿ ಸಮೇತ ಸಗಟಿಗೆ ಕೊಂಡು ಹಂಚಿದರೆ ಬಡವನಿಗೆ ನಿಜವಾದ ಅಗ್ಗ ದಕ್ಕುತ್ತದೆ.

ವಿದ್ಯಾರ್ಥಿ ಮಿತ್ರರಿಗೊಂದು ಕೆಲಸ. ನಿಮ್ಮ ಊರಿನ ಪ್ರತಿ ಮನೆಯಲ್ಲಿ ಎಷ್ಟು ಬ್ಯಾಟರಿಗಳಿವೆ, ಹಳೆಯದನ್ನು ಕೊನೆಯ ಸಲ ಯಾರಿಗೆ ಕೊಟ್ಟರು, ರಸೀದಿ ಸಿಕ್ಕಿತೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಮುಂದಿನ ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ದಾಖಲಾಗುವಂತೆ ನೋಡಿಕೊಳ್ಳಿ. ನಡಾವಳಿಗೆ ಏರಿದ ಲೆಕ್ಕಕ್ಕೆ ಪಂಚಾಯತಿ ಉತ್ತರ ಕೊಡಲೇಬೇಕಾಗುತ್ತದೆ.

ಗೀರು ಬಿದ್ದದ್ದನ್ನು ಧೈರ್ಯವಾಗಿ ಕೊಳ್ಳಿ. ಗುರುತಿಲ್ಲದ್ದನ್ನು ಪುಕ್ಕಟೆ ಕೊಟ್ಟರೂ ಮನೆಗೆ ತರಬೇಡಿ.