ಎಣಿಸುವುದಾದರೆ ಹಾಡನ್ನೂ ಎಣಿಸಿ

ಲಿಂಗತ್ವ ಅಲ್ಪಸಂಖ್ಯಾತರ ರಾಜ್ಯವ್ಯಾಪಿ ಸಮೀಕ್ಷೆಯಿಂದ ಪಿಂಚಣಿ ಸಿಗಲಿ, ಮನೆ ಸಿಗಲಿ, ಗುರುತಿನ ಚೀಟಿ ಸಿಗಲಿ, ಯಾವುದಕ್ಕೂ ತಕರಾರಿಲ್ಲ. ಆದರೆ ಯಲ್ಲಮ್ಮನಿಗೆ ಮುಡಿಪಾಗಿ ಸೀರೆಯುಟ್ಟು ಬಾಳುವ ಜೋಗಪ್ಪಂದಿರ ಮಟ್ಟಿಗೆ ಅದು ಅರ್ಧಕ್ಕೇ ನಿಂತ ಕೆಲಸ. 2025ರ ಸೆಪ್ಟೆಂಬರ್ 15ರಿಂದ ಶುರುವಾದ ಈ ಎಣಿಕೆಗೆ ಸರ್ಕಾರ ಆರಿಸಿಕೊಂಡ ಜಾಗ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆ. ಮೈ ತಪಾಸಣೆಯ ಆತಂಕ ಹೈಕೋರ್ಟಿನವರೆಗೂ ಹೋಯಿತು, ಅದರ ಬಗ್ಗೆ ಚರ್ಚೆಯೂ ಆಯಿತು. ಆ ಚರ್ಚೆಯಲ್ಲಿ ನನಗೆ ಕಾಣದೇ ಹೋದ ಪ್ರಶ್ನೆ ಒಂದಿದೆ: ಬೆಳಗಾವಿ ಜಿಲ್ಲೆಯ ಕೊಕಟನೂರಿನ ಯಲ್ಲಮ್ಮನ ಗುಡಿ ಮುಂದೆ ಚೌಡಿಕೆ ನುಡಿಸುವ ಜೋಗಪ್ಪನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಅಥಣಿಯ ಸರ್ಕಾರಿ ದವಾಖಾನೆಗೇ ಏಕೆ ಕರೆಯಬೇಕು? ಅವರು ಹಾಡುಗಾರರು, ವಾದ್ಯ ನುಡಿಸುವವರು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಅವರನ್ನು ಹುಡುಕಿಕೊಂಡು ಹೋಗುವಾಗ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಎಲ್ಲಿ ಕುಳಿತಿತ್ತು?

ಕೊಕಟನೂರ ಜಾತ್ರೆ ಎಂದ ಕೂಡಲೇ ಆಡಳಿತಕ್ಕೆ ನೆನಪಾಗುವುದು ಎರಡು: ಪ್ರಾಣಿಬಲಿ ತಡೆ, ದೇವದಾಸಿ ಪದ್ಧತಿ ವಿರುದ್ಧ ಜಾಗೃತಿ. ಎರಡೂ ಬೇಕು. ಆದರೆ ಬಂದೋಬಸ್ತಿನ ಕಣ್ಣಿಗೆ ಭಂಡಾರ ಬಳಿದ ಹಣೆ, ಹಸಿರು ಬಳೆ, ತಲೆ ಮೇಲೆ ಹೊತ್ತ ದೇವಿಯ ಬುಟ್ಟಿ ‘ಜಗ’ ಕಾಣುತ್ತವೆ. ಕಿವಿಗೆ ಬೀಳುವುದನ್ನು ಯಾರೂ ಬರೆದುಕೊಳ್ಳುವುದಿಲ್ಲ. ಚೌಡಿಕೆಯನ್ನು ಹತ್ತಿರದಿಂದ ನೋಡಬೇಕು. ಕೊಳಗದಂಥ ಒಂದು ಕಟ್ಟಿಗೆಯ ಪಾತ್ರೆ, ಅದರ ತಳಕ್ಕೆ ಬಿಗಿದ ಚರ್ಮ, ಚರ್ಮದ ನಡುವಿನಿಂದ ಹೊರಟು ಪಕ್ಕದ ಕೋಲಿನ ತುದಿಗೆ ಕಟ್ಟಿದ ಒಂದೇ ತಂತಿ. ಪಾತ್ರೆಯನ್ನು ಕಂಕುಳಿಗೆ ಒತ್ತಿಕೊಂಡು, ಒಂದು ಕೈಯಲ್ಲಿ ಕಡ್ಡಿ ಹಿಡಿದು ಮೀಟುತ್ತ, ಇನ್ನೊಂದು ಕೈಯಲ್ಲಿ ತಂತಿಯ ಬಿಗಿ ಏರಿಸಿ ಇಳಿಸುತ್ತಾರೆ. ಬೆರಳಿಗೆ ದಾರಿ ತೋರಿಸಲು ಮೆಟ್ಟಿಲುಗಳಿಲ್ಲ. ಸ್ವರ ಎಲ್ಲಿ ನಿಲ್ಲಬೇಕು ಎಂಬುದು ಪೂರ್ತಿ ಕಿವಿಯ ಲೆಕ್ಕ. ಅದೇ ಹೊಡೆತದಲ್ಲಿ ಲಯವೂ ನಡೆಯಬೇಕು, ಅದರ ಮೇಲೆ ಗಂಟಲೂ ಏರಬೇಕು. ಪಕ್ಕದಲ್ಲೊಬ್ಬರು ಶ್ರುತಿ ಹಿಡಿಯುತ್ತಾರೆ, ಇನ್ನೊಬ್ಬರು ತಾಳ ಹಾಕುತ್ತಾರೆ. ರೇಣುಕೆ ಮತ್ತು ಜಮದಗ್ನಿಯ ಕಥೆ, ಪರಶುರಾಮನ ಕೊಡಲಿ, ಕಾರ್ತವೀರ್ಯನ ಸೊಕ್ಕು, ಜೋಗುಳಬಾವಿಯ ಮಹಿಮೆ ಎಲ್ಲವೂ ಬಾಯಿಪಾಠ. ಗುರುವಿನ ಹಿಂದೆ ವರ್ಷಗಟ್ಟಲೆ ತಿರುಗದೆ ಇದು ಯಾರಿಗೂ ದಕ್ಕಿದ್ದಿಲ್ಲ.

ಈಗ ನಾನು ಹಿಡಿದು ನಿಲ್ಲಬೇಕೆಂದಿರುವ ಸಂಖ್ಯೆಗೆ ಬರುತ್ತೇನೆ: 46,660.

ದೇವದಾಸಿ ಪದ್ಧತಿ ಬಗ್ಗೆ ಮಾತನಾಡುವ ಎಲ್ಲರಿಗೂ ಇದು ಗೊತ್ತು. 1993–94ರ ಸಮೀಕ್ಷೆಯಲ್ಲಿ 22,873, 2007–08ರ ಸಮೀಕ್ಷೆಯಲ್ಲಿ 23,787. ಮಾಜಿ ದೇವದಾಸಿಯರ ಮಾಸಾಶನ, ವಸತಿ, ಸಾಲದ ಲೆಕ್ಕವೆಲ್ಲ ಈ ಮೊತ್ತದ ಮೇಲೆ ನಿಂತಿದೆ. ಪಟ್ಟಿಯಿಂದ ಬಿಟ್ಟುಹೋದವರನ್ನು ಸೇರಿಸಿ ಎಂಬ ಹೋರಾಟಕ್ಕೂ ಇದೇ ಆಧಾರ. ಈ ಸಂಖ್ಯೆಯಲ್ಲಿ ಯಾರೂ ಗಮನಿಸದ ಎರಡು ಕೊರತೆಗಳಿವೆ.

ಮೊದಲನೆಯದು ಕಾನೂನಿನದೇ. 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯ ವ್ಯಾಖ್ಯೆಯಲ್ಲಿ ದೇವದಾಸಿ ಎಂದರೆ ಮಹಿಳೆ. ಹಾಗಾಗಿ ಅದೇ ಯಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಸಮರ್ಪಣೆಯಾಗಿ, ಅದೇ ಜಗ ಹೊತ್ತು, ಅದೇ ಮಂಗಳವಾರ ಮತ್ತು ಶುಕ್ರವಾರ ಮನೆಮನೆಗೆ ಜೋಗ ಬೇಡಲು ಹೋಗುವ ಜೋಗಪ್ಪ ಈ ಲೆಕ್ಕದೊಳಗೆ ಬರುವುದೇ ಇಲ್ಲ. ದೇವದಾಸಿಯಾದ ಜೋಗತಿ ಸಂತ್ರಸ್ತೆಯಾಗಿಯಾದರೂ ಸರ್ಕಾರದ ಕಡತ ಸೇರಿದಳು. ಜೋಗಪ್ಪ ಕಡತದ ಹೊರಗೇ ಉಳಿದರು. 2011ರ ಜನಗಣತಿ ‘ಇತರೆ’ ಎಂಬ ಕಲಮಿನಲ್ಲಿ ಕರ್ನಾಟಕಕ್ಕೆ 20,266 ಎಂದು ತೋರಿಸಿತು. ಅದರಲ್ಲಿ ಜೋಗಪ್ಪಂದಿರು ಎಷ್ಟು ಎಂದು ಬಿಡಿಸಿ ಹೇಳಲು ಆ ಅಂಕಿಗೆ ಆಗುವುದಿಲ್ಲ.

ಎರಡನೆಯ ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಚೌಡಿಕೆ ಪದಗಳನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದ ದೇವದಾಸಿ ಸಮುದಾಯದ ಬಾಗಿಲಿಗೆ ಸರ್ಕಾರ ಎರಡು ಸಲ ಹೋಗಿತ್ತು. ಅವರೆಲ್ಲರೂ ಹಾಡುಗಾರರಾಗಿರಲಿಲ್ಲ, ನಿಜ. ಆದರೆ ಹಾಡುಗಾರರು ಇದ್ದದ್ದು ಅವರ ನಡುವೆಯೇ. ಆ ಪಟ್ಟಿಯಿಂದ ಮಾಸಾಶನ ಹೊರಬಂತು, ಮನೆ ಬಂತು. ಆ ಪಟ್ಟಿ ಹಿಡಿದು ನಡೆಸಿದ ಧ್ವನಿಮುದ್ರಣದ ಒಂದು ಸಂಗ್ರಹ ಎಲ್ಲಿದೆ ಎಂದು ಕೇಳಿದರೆ ಯಾವ ಇಲಾಖೆ ಉತ್ತರಿಸುತ್ತದೆ? ಜಾನಪದ ವಿದ್ವಾಂಸರು ತಮ್ಮ ಆಸಕ್ತಿಯಿಂದ ಯಲ್ಲಮ್ಮನ ಪದಗಳನ್ನು ಸಂಗ್ರಹಿಸಿದ್ದಾರೆ. ಅದು ಅವರ ಶ್ರಮ, ಸರ್ಕಾರದ ಎಣಿಕೆಯ ಫಲವಲ್ಲ. 1993ರಲ್ಲಿ 45 ವರ್ಷವಿದ್ದ ಹಾಡುಗಾರ್ತಿಗೆ 2025ರಲ್ಲಿ 77. ಬದುಕಿದ್ದರೆ ಗಂಟಲು ಉಳಿದಿರುವುದು ಅನುಮಾನ. ಇಲಾಖೆಯವರು ಮನೆಯೊಳಗೆ ಕಾಲಿಟ್ಟು, ಜಾತಿ, ವಯಸ್ಸು, ರೇಷನ್ ಕಾರ್ಡು ಬರೆದುಕೊಂಡು, ಗೋಡೆಗೆ ತೂಗುಹಾಕಿದ ಚೌಡಿಕೆಯ ಕೆಳಗೆ ಕೂತು ಚಹಾ ಕುಡಿದು ಎದ್ದುಬಂದರೆ ಆಗುವ ನಷ್ಟ ಇದು. ಒಮ್ಮೆ ಆಯಿತು, ಹದಿನಾಲ್ಕು ವರ್ಷದ ಮೇಲೆ ಇನ್ನೊಮ್ಮೆ ಆಯಿತು. ಜೋಗಪ್ಪಂದಿರ ವಿಷಯದಲ್ಲಿ ಮೂರನೇ ಸಲ ಆಗಕೂಡದು.

ಅವರನ್ನು ಕಲಾವಿದರೆಂದು ಕಾಣದಿರುವುದು ಬರೀ ಅಧಿಕಾರಿಗಳ ಮರೆವೂ ಅಲ್ಲ, ಕಾನೂನೇ ಅದನ್ನು ಕಲಿಸಿದೆ. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ತೆಗೆದು ನೋಡಿ. ಸಾರ್ವಜನಿಕ ಸ್ಥಳದಲ್ಲಿ ಹಾಡು, ಕುಣಿತದಂಥ ನೆಪವೊಡ್ಡಿ ಕೇಳಿದರೂ ಅದು ಭಿಕ್ಷೆಯೇ. ಧಾರ್ಮಿಕ ಹರಕೆ ತೀರಿಸಲು ಬೇಡುವವರಿಗೆ ವಿನಾಯಿತಿ ಇದೆ. ಅಂದರೆ ಜೋಗಕ್ಕೆ ಹೊರಟ ಜೋಗಪ್ಪ ಕಾನೂನಿನ ಕಣ್ಣಲ್ಲಿ ಒಂದೋ ಭಿಕ್ಷುಕ, ಇಲ್ಲವೇ ಭಕ್ತ. ಹಾಡಿ ಸಂಭಾವನೆ ಪಡೆಯುವ ಕಲಾವಿದ ಎಂಬ ಮೂರನೆಯ ಮನುಷ್ಯನಿಗೆ ಅಲ್ಲಿ ಜಾಗವೇ ಇಲ್ಲ. ಮೊರದಲ್ಲಿ ಬಂದು ಬೀಳುವ ಜೋಳ, ಹತ್ತು ರೂಪಾಯಿಯ ನೋಟು ಆ ಹಾಡಿಗೆ ಊರು ಕೊಡುವ ಕೂಲಿ. ಗಾಯನ ಸಭೆಯಲ್ಲಿ ಕವರಿನೊಳಗೆ ಇಟ್ಟು ಕೊಟ್ಟರೆ ಗೌರವಧನ, ಕೊಕಟನೂರಿನ ಓಣಿಯಲ್ಲಿ ಮೊರಕ್ಕೆ ಹಾಕಿದರೆ ಭಿಕ್ಷೆ ಎಂಬ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕಲಿ ಎನ್ನುತ್ತಾರೆ. ಹಾಕುವುದು ಹೇಗೆ? ಸಾಮಾನ್ಯವಾಗಿ 58 ವರ್ಷ ತುಂಬಿರಬೇಕು. ಕಾರ್ಯಕ್ರಮದ ಆಮಂತ್ರಣ ಪತ್ರಿಕೆ, ಪ್ರಮಾಣಪತ್ರ, ಪತ್ರಿಕಾ ವರದಿಗಳನ್ನು ಲಗತ್ತಿಸಬೇಕು. ಜಾತ್ರೆಯಲ್ಲಿ, ಹುಣ್ಣಿಮೆಗೆ, ಮದುವೆ ಮನೆಯಲ್ಲಿ ದೇವಿಯ ಹೆಸರಿನ ಬುಟ್ಟಿ ಪಡ್ಡಲಗಿ ತುಂಬುವಾಗ ಹಾಡಿದ್ದಕ್ಕೆ ಯಾರು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುತ್ತಾರೆ? ಮನೆಯಿಂದ ಹೊರಬಿದ್ದು ಊರೂರು ಅಲೆದವರ ಬಳಿ ಜನ್ಮ ದಿನಾಂಕದ ದಾಖಲೆ ಸಿಗುವುದೇ ಕಷ್ಟ. ಸಿಕ್ಕರೂ ಅದರಲ್ಲಿರುವುದು ಹಳೆಯ ಹೆಸರು, ಹಳೆಯ ಲಿಂಗ. ಕೊನೆಗೆ ಅವರಿಗೆ ಉಳಿಯುವುದು ಲಿಂಗತ್ವ ಅಲ್ಪಸಂಖ್ಯಾತರ ‘ಮೈತ್ರಿ’ ಪಿಂಚಣಿ. 800ರಿಂದ 1,200 ರೂಪಾಯಿಗೆ ಏರಿದ ಆ ಹಣ ಬೇಕೇ ಬೇಕು. ಆದರೆ ಅದು ಬರುವುದು ಅವರು ಏನಾಗಿದ್ದಾರೆ ಎಂಬುದಕ್ಕೆ, ಏನು ಬಲ್ಲರು ಎಂಬುದಕ್ಕೆ ಅಲ್ಲ.

ಇಷ್ಟು ಹೇಳುವ ಹೊತ್ತಿಗೆ ಇದೇ ಸಮುದಾಯದ ಜೋಗತಿ ಕುಣಿತದ ಕಲಾವಿದೆ ಮಂಜಮ್ಮ ಜೋಗತಿಯವರ ಹೆಸರು ಎದುರಿಗೆ ಬರುತ್ತದೆ. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2019ರಲ್ಲಿ ಜಾನಪದ ಅಕಾಡೆಮಿಯ ಅಧ್ಯಕ್ಷತೆ, 2021ರಲ್ಲಿ ಪದ್ಮಶ್ರೀ; ಇನ್ನೇನು ಬೇಕು ಎಂಬ ಧಾಟಿ. ರಾಷ್ಟ್ರಪತಿ ಭವನದಲ್ಲಿ ಅವರು ಸೆರಗಿನಿಂದ ದೃಷ್ಟಿ ತೆಗೆದ ಗಳಿಗೆ ದೇಶಕ್ಕೆಲ್ಲ ನೆನಪಿದೆ. ಅವರ ಕಲೆಯ ದಾರಿ ಎಷ್ಟು ಮಂದಿಗೆ ನೆನಪಿದೆ? ದಾವಣಗೆರೆಯಲ್ಲಿ ತಂದೆ ಹಾಡಿ ಮಗ ಕುಣಿಯುತ್ತಿದ್ದ ಒಂದು ಜೋಡಿಯಿಂದ ತಲೆ ಮೇಲೆ ಕೊಡ ಹೊತ್ತು ಕುಣಿಯುವುದನ್ನು ಕಲಿತು, ಆಮೇಲೆ ಕಾಳವ್ವ ಜೋಗತಿಯ ತಂಡ ಸೇರಿ, ವರ್ಷಗಟ್ಟಲೆ ವೇದಿಕೆಯಿಂದ ವೇದಿಕೆಗೆ ಹೋಗಿ ಅವರು ಅಲ್ಲಿಗೆ ಮುಟ್ಟಿದರು. ಅಂದರೆ ಆ ಪದ್ಮಶ್ರೀಯ ಹಿಂದೆ ಒಂದು ಗುರುಮನೆ ಇದೆ, ಒಂದು ತಂಡ ಇದೆ. ತಮಿಳುನಾಡಿನ ಲಿಂಗತ್ವ ಅಲ್ಪಸಂಖ್ಯಾತ ಕಲಾವಿದೆ ನರ್ತಕಿ ನಟರಾಜ್ 2019ರಲ್ಲಿ ಪದ್ಮಶ್ರೀ ಪಡೆದಾಗಲೂ ಹೀಗೇ. ಗುರುವಿನ ಬಳಿ ಕಲಿತ ಭರತನಾಟ್ಯದ ತಾಲೀಮು ಅದರ ಹಿಂದಿತ್ತು. ವ್ಯಕ್ತಿಗೆ ಹಾರ ಹಾಕಿ ತಂಡವನ್ನು ಮರೆತರೆ ಎರಡನೇ ಮಂಜಮ್ಮ ಬರುವುದಿಲ್ಲ. ಅಥಣಿ, ರಾಯಬಾಗ, ಚಿಕ್ಕೋಡಿಯ ಸೀಮೆಯಲ್ಲಿ ಇಂಥ ಎಷ್ಟು ಗುರುಮನೆಗಳು ಉಳಿದಿವೆ ಎಂಬುದನ್ನು ಸಮೀಕ್ಷೆ ಹೇಳಬೇಕಿತ್ತು.

ಗಡಿಯ ಮಾತನ್ನೂ ಆಡಲೇಬೇಕು. ಅಥಣಿಯಿಂದ ಆಚೆ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ. ಅಲ್ಲಿಯೂ ಯಲ್ಲಮ್ಮನ ದೊಡ್ಡ ಜಾತ್ರೆ. ನಿಪ್ಪಾಣಿಯಿಂದ ಆಚೆ ಗಡಹಿಂಗ್ಲಜ. ಈ ಕಡೆ ಜೋಗಪ್ಪ, ಆ ಕಡೆ ಜೋಗ್ತಾ; ಈ ಕಡೆ ಚೌಡಿಕೆ, ಆ ಕಡೆ ಚೌಂಡಕ. ಕನ್ನಡದಲ್ಲಿ ಎತ್ತಿದ ಪದವನ್ನು ಮರಾಠಿಯಲ್ಲಿ ಮುಗಿಸುವ ಹಾಡುಗಾರರಿಗೆ ಯಾವ ರಾಜ್ಯದ ಸಂಸ್ಕೃತಿ ಇಲಾಖೆ ಗುರುತಿನ ಚೀಟಿ ಕೊಡುತ್ತದೆ? ಗಡಹಿಂಗ್ಲಜ ಸೀಮೆಯ ಲೇಖಕ ರಾಜನ್ ಗವಸ್ ಅವರ ‘ಚೌಂಡಕ’ ಮತ್ತು ‘ಭಂಡಾರಭೋಗ’ ಕಾದಂಬರಿಗಳನ್ನು ಆಧರಿಸಿದ ಮರಾಠಿ ಚಿತ್ರ ‘ಜೋಗವಾ’ಗೆ ಐದು ರಾಷ್ಟ್ರಪ್ರಶಸ್ತಿ ಬಂದವು. ಜೋಗ್ತಾನ ಪಾತ್ರ ಮಾಡಿದ ಉಪೇಂದ್ರ ಲಿಮಯೆ ಅತ್ಯುತ್ತಮ ನಟ, ಅಜಯ್–ಅತುಲ್ ಅತ್ಯುತ್ತಮ ಸಂಗೀತ ನಿರ್ದೇಶಕರು. ಆ ಚಿತ್ರ ಒಳ್ಳೆಯದು, ಪ್ರಶಸ್ತಿಗಳೂ ಸಲ್ಲಬೇಕಾದವೇ. ಅದಕ್ಕೂ ಮೊದಲು ಮರಾಠಿ ರಂಗಭೂಮಿಯ ಬಾಲಗಂಧರ್ವರು ಹೆಣ್ಣುಪಾತ್ರಕ್ಕೆ ಸೀರೆ ಉಟ್ಟು ಹಾಡಿದ್ದನ್ನು ಬೆಳಗಾವಿ ಸೀಮೆ ತಲೆ ಮೇಲೆ ಹೊತ್ತು ಮೆರೆಸಿತು, 1964ರಲ್ಲಿ ಪದ್ಮಭೂಷಣವೂ ಬಂತು. ಆಟ ಮುಗಿದ ಮೇಲೆ ಸೀರೆ ಬಿಚ್ಚಿಡುವ ಕಲಾವಿದನನ್ನು ನಮ್ಮ ಸಮಾಜ ಬಹಳ ಹಿಂದೆಯೇ ಒಪ್ಪಿಕೊಂಡಿದೆ. ಆಟ ಮುಗಿದ ಮೇಲೂ ಸೀರೆಯಲ್ಲೇ ಬದುಕುವ ಕಲಾವಿದ ಬಾಡಿಗೆ ಮನೆ ಕೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಪ್ರಗತಿಪರ ಗೆಳೆಯರ ಆಕ್ಷೇಪ ಒಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಜೋಗಪ್ಪಂದಿರ ಕಲೆಗೆ ಮನ್ನಣೆ ಕೊಟ್ಟರೆ ಮುತ್ತು ಕಟ್ಟುವುದಕ್ಕೇ ಮನ್ನಣೆ ಕೊಟ್ಟಂತೆ, ಬಡ ದಲಿತ ಮನೆಗಳ ಮಕ್ಕಳು ಮತ್ತೆ ಗುಡಿಯ ಪಾಲಾಗುತ್ತಾರೆ ಎಂಬುದು ಅವರ ಭಯ. ಈ ಭಯಕ್ಕೆ ಇತಿಹಾಸವಿದೆ, ಅದರಲ್ಲೂ ಕೊಕಟನೂರು, ಸವದತ್ತಿಯಂಥ ಊರುಗಳಲ್ಲಿ. ಆದರೆ ಸಮರ್ಪಣೆ ಮಾಡಿದವರಿಗೆ 1982ರ ಕಾಯ್ದೆಯೇ ಮೂರು ವರ್ಷದವರೆಗೆ ಸಜೆ ಇಟ್ಟಿತ್ತು, ಹೆತ್ತವರೇ ಮಾಡಿದರೆ ಐದು ವರ್ಷದವರೆಗೆ. 2025ರಲ್ಲಿ ವಿಧಾನಮಂಡಲ ಇನ್ನಷ್ಟು ವಿಸ್ತಾರವಾದ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆ ಬಾಗಿಲು ಮುಚ್ಚಿರಲಿ, ಬೀಗವೂ ಬಿದ್ದಿರಲಿ. ಹರಕೆಯ ಹೆಸರಿಲ್ಲದೆ, ಮುತ್ತಿನ ಹಂಗಿಲ್ಲದೆ ಚೌಡಿಕೆ ಕಲಿಯುವ ದಾರಿಯನ್ನು ನಾವು ತೆರೆಯದಿದ್ದರೆ ಮಾತ್ರ ಕಲಿಯಬೇಕೆನ್ನುವವರಿಗೆ ಗುಡಿಯ ದಾರಿಯೊಂದೇ ಉಳಿಯುತ್ತದೆ. ದೇವದಾಸಿ ಪದ್ಧತಿಯನ್ನು ವಿರೋಧಿಸುವವರೇ ಈ ಕಲೆಯನ್ನು ಶಾಲೆಗೆ, ವಿಶ್ವವಿದ್ಯಾಲಯಕ್ಕೆ ತರಬೇಕೆಂದು ಮೊದಲು ಕೇಳಬೇಕು.

ಹೊಸ ಕಾನೂನೇನೂ ಬೇಡ. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಗಿರುವ ಕೇಂದ್ರದ 2019ರ ಕಾಯ್ದೆಯ ವ್ಯಾಖ್ಯೆಯಲ್ಲಿ ಕಿನ್ನರ, ಹಿಜ್ರಾ, ಅರವಾಣಿಗಳ ಜತೆ ‘ಜೋಗ್ತಾ’ ಹೆಸರು ಹಿಡಿದು ಬರೆದಿದೆ. ಅದೇ ಕಾಯ್ದೆಯ 8ನೇ ಸೆಕ್ಷನ್ ಸಾಂಸ್ಕೃತಿಕ ಚಟುವಟಿಕೆಗಳಲ್ಲಿ ಪಾಲ್ಗೊಳ್ಳುವ ಅವರ ಹಕ್ಕನ್ನು ಕಾಪಾಡುವುದು, ಬೆಳೆಸುವುದು ಸರ್ಕಾರದ ಕರ್ತವ್ಯ ಎನ್ನುತ್ತದೆ. ಪಿಂಚಣಿ, ಉಚಿತ ಬಸ್ಸು, ಶೇ 1ರ ಮೀಸಲಾತಿಯ ಚರ್ಚೆಯಲ್ಲಿ ಈ ಸೆಕ್ಷನ್ ಎತ್ತಿದವರು ವಿರಳ.

ಮಾಡಬೇಕಾದ್ದು ದೊಡ್ಡದೇನಲ್ಲ. ಸಮೀಕ್ಷೆಯ ಮುಂದಿನ ಸುತ್ತಿನಲ್ಲಿ ಮೂರು ಪ್ರಶ್ನೆ ಸೇರಿಸಿ: ಯಾವ ವಾದ್ಯ, ಯಾರ ಬಳಿ ಕಲಿತದ್ದು, ಯಾರಿಗೆ ಕಲಿಸುತ್ತಿದ್ದೀರಿ. ಶಿಬಿರವನ್ನು ಆಸ್ಪತ್ರೆಯಿಂದ ತೆಗೆದು ಕೊಕಟನೂರಿನ ಜಾತ್ರೆಗೆ, ಸವದತ್ತಿಯ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಒಯ್ಯಿರಿ. ಅವರೆಲ್ಲ ತಾವಾಗಿ ಸೇರುವುದು ಅಲ್ಲಿ. ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಹಾಡಿದವರ ಹೆಸರು, ಒಪ್ಪಿಗೆ, ಸಂಭಾವನೆ ಸಹಿತ ಧ್ವನಿಮುದ್ರಣದ ಕೆಲಸ ಅದಕ್ಕೆ ವಹಿಸಿ. ಆ ಮುದ್ರಣವೇ ಕಲಾವಿದರ ಮಾಸಾಶನದ ಅರ್ಜಿಗೆ ದಾಖಲೆಯಾಗಲಿ, ವಯಸ್ಸಿನ ಮಿತಿಯೂ ಸಡಿಲವಾಗಲಿ. ಹಾಡು ಕನ್ನಡದ್ದೋ ಮರಾಠಿಯದ್ದೋ ಎಂದು ಕೇಳಬೇಡಿ. ಸವದತ್ತಿಯ ಯಲ್ಲಮ್ಮನಗುಡ್ಡಕ್ಕೆ 2024ರಲ್ಲಿ ಕೇಂದ್ರ ಮಂಜೂರು ಮಾಡಿದ್ದು 100 ಕೋಟಿ ರೂಪಾಯಿ. ಯಾತ್ರಿಕರಿಗೆ ಸೌಕರ್ಯ ಕಟ್ಟುವ ಯೋಜನೆಯಲ್ಲಿ ಚೌಡಿಕೆ ಮೇಳಕ್ಕೆ ಒಂದು ಕಟ್ಟೆ, ಹಾಡಿದ ದಿನಕ್ಕೆ ಗೊತ್ತಾದ ಸಂಭಾವನೆ ಇರುತ್ತದೆಯೇ ಎಂಬುದನ್ನು ಬೆಳಗಾವಿ ಜಿಲ್ಲೆಯವರೇ ಆದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರು ಪ್ರವಾಸೋದ್ಯಮ ಇಲಾಖೆಯನ್ನು ಕೇಳಿ, ಉತ್ತರವನ್ನು ಸಮೀಕ್ಷೆಯ ವರದಿಯ ಜತೆಗೇ ಸದನದ ಮುಂದೆ ಇಡಬೇಕು.